ಎಸೆದದ್ದನ್ನು ಎತ್ತಿಕೊಳ್ಳುವ ದೇವರು

(ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯ ಪ್ರಬೋಧನೆ)

ವಾಚನಗಳು: ಯೆಶಾಯ 9:1-6, ತೀತ 2:11-14, ಲೂಕ 2:1-14



ಈ ರಾತ್ರಿ ದೇವಾಲಯಕ್ಕೆ ಕಾಲಿಟ್ಟ ಕೂಡಲೇ ನೀವೆಲ್ಲರೂ ಮೊದಲು ಗೋದಲಿಯ ಕಡೆಗೆ ನೋಡಿದಿರಿ. ಆಮೇಲೆ ನಿಮ್ಮ ಕಣ್ಣು ಪಕ್ಕದ ಕ್ರಿಸ್ಮಸ್ ಮರದ ಮೇಲೆ ನಿಂತಿತು. ಕೆಲವರು ಹತ್ತಿರ ಹೋಗಿ ಮುಟ್ಟಿಯೂ ನೋಡಿದಿರಿ. "ಇದು ನಮ್ಮ ಅತ್ತೆಯವರ ಸೀರೆ ಅಲ್ವೇನ್ರೀ?" ಎಂದು ಒಬ್ಬ ತಾಯಿ ಪಕ್ಕದವರಿಗೆ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಹೌದಮ್ಮಾ, ಅದು ನಿಮ್ಮ ಅತ್ತೆಯವರ ಸೀರೆಯೇ. ಈ ಮರದ ಮೇಲೆ ಅಂಗಡಿಯಿಂದ ಹೊಸದಾಗಿ ತಂದ ಒಂದು ಗುಂಡೂ ಇಲ್ಲ, ಒಂದು ನಕ್ಷತ್ರವೂ ಇಲ್ಲ. ಇದರ ಮೇಲಿರುವುದೆಲ್ಲ ನಮ್ಮ ಮನೆಗಳ ಅಟ್ಟದಿಂದ, ಪೆಟ್ಟಿಗೆಯಿಂದ, ಪೀಣ್ಯದ ಶೆಡ್ಡುಗಳ ಕಸದ ಡಬ್ಬಗಳಿಂದ ಬಂದದ್ದು. ಆದರೂ ಇಷ್ಟು ಬಣ್ಣ ತುಂಬಿದ ಮರವನ್ನು ನಮ್ಮ ಧರ್ಮಕೇಂದ್ರ ಇದುವರೆಗೆ ಕಂಡಿರಲಿಲ್ಲ.

ಹೀಗೆ ಮಾಡಲು ನಾವು ಏಕೆ ನಿರ್ಧರಿಸಿದೆವು ಎಂಬುದನ್ನು ಮೊದಲು ಹೇಳಬೇಕು. ಅದು ನಮ್ಮದೇ ಒಂದು ತಪ್ಪಿನಿಂದ ಆರಂಭವಾಯಿತು.

ಎರಡು ವರ್ಷಗಳ ಹಿಂದೆ ನಾವು ಕ್ರಿಸ್ಮಸ್ ಮರದ ಸ್ಪರ್ಧೆ ಇಟ್ಟಿದ್ದೆವು. ಮನೆಮನೆಗೆ ಹೋಗಿ ಅಂಕ ಕೊಟ್ಟೆವು. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಆಳೆತ್ತರದ ಪ್ಲಾಸ್ಟಿಕ್ ಮರಕ್ಕೆ ಒಂದೇ ಬಣ್ಣದ ಹೊಸ ಗುಂಡುಗಳನ್ನು ಜೋಡಿಸಿದವರಿಗೆ ಮೊದಲ ಬಹುಮಾನ ಕೊಟ್ಟೆವು. ವಠಾರದ ಸಾಲಿಗೆ ಬಂದಾಗ ಒಂದು ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ದೀಪ ಉರಿಯುತ್ತಿತ್ತು, ಮಗುವಿನ ದನಿಯೂ ಕೇಳುತ್ತಿತ್ತು. ಯಾರೂ ಬಾಗಿಲು ತೆರೆಯಲಿಲ್ಲ. ಹಬ್ಬ ಮುಗಿದ ಮೇಲೆ ಆ ತಾಯಿ ನಮಗೆ ಹೇಳಿದರು: "ಸ್ವಾಮಿ, ಮಗಳು ಕಾಗದದಲ್ಲಿ, ಒಡೆದ ಬಳೆಯಲ್ಲಿ ಏನೇನೋ ಮಾಡಿ ಕೊಂಬೆಗೆ ಕಟ್ಟಿದ್ದಳು. ಹಳೇ ಸಾಮಾನು ನೋಡಿದರೆ ನೀವು ಏನಂದುಕೊಳ್ಳುತ್ತೀರೋ ಅಂತ ನಾನೇ ಬಾಗಿಲು ಹಾಕಿದೆ."

ಪ್ರಿಯರೇ, ಆ ಮಾತು ನಮ್ಮನ್ನು ಚುಚ್ಚಿತು. ಬೆತ್ಲೆಹೇಮಿನಲ್ಲಿ ಜಾಗವಿಲ್ಲವೆಂದು ಮುಚ್ಚಿದ ಬಾಗಿಲುಗಳ ಬಗ್ಗೆ ಪ್ರತಿ ವರ್ಷವೂ ಇದೇ ಪೀಠದಿಂದ ಮಾತನಾಡುತ್ತೇವೆ. ಆ ವರ್ಷ ಒಂದು ಬಡ ಮನೆಯ ಬಾಗಿಲು ಮುಚ್ಚಲು ನಾವೇ ಕಾರಣರಾದೆವು. ಕ್ರಿಸ್ತರು ಹುಟ್ಟಿದ ಹಬ್ಬದಲ್ಲಿ ಒಬ್ಬ ಕ್ರೈಸ್ತ ತಾಯಿ ತನ್ನ ಮಗಳು ಮಾಡಿದ ನಕ್ಷತ್ರಕ್ಕೆ ನಾಚಿಕೊಳ್ಳುವಂತಾಯಿತು.

ಆದ್ದರಿಂದ ಈ ವರ್ಷ ಸ್ಪರ್ಧೆ ಬೇಡವೆಂದು ಪಾಲನಾ ಸಮಿತಿಯಲ್ಲಿ ತೀರ್ಮಾನಿಸಿದೆವು. ಕ್ರಿಸ್ತರಾಜರ ಹಬ್ಬದಂದು ದೇವಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟೆವು. ಪ್ರತಿ ಮನೆಯವರೂ ಉಪಯೋಗ ಮುಗಿದ ಒಂದು ವಸ್ತುವನ್ನು ತಂದು ಹಾಕಬೇಕು, ಹೊಸದನ್ನು ಕೊಳ್ಳಬಾರದು ಎಂದು ಕೇಳಿಕೊಂಡೆವು.

ಇದನ್ನು ಕೇಳಿ ಕೆಲವು ಹಿರಿಯರು ಬೇಸರಪಟ್ಟರು. "ದೇವರ ಮನೆಗೆ ಹಳೆಯದನ್ನು ತರುವುದೇ? ದೇವರಿಗೆ ಒಳ್ಳೆಯದನ್ನೇ ಕೊಡಬೇಕೆಂದು ನೀವೇ ಕಲಿಸಿದ್ದೀರಲ್ಲ?" ಎಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಈ ರಾತ್ರಿಯ ಶುಭಸಂದೇಶದಲ್ಲೇ ಹುಡುಕೋಣ.

ಸಂತ ಲೂಕರು ಇಂದು ನಮಗೆ ಕೊಡುವ ಗುರುತುಗಳು ಎರಡೇ: ಮಗುವನ್ನು ಸುತ್ತಿದ ಬಟ್ಟೆ, ಮಗುವನ್ನು ಮಲಗಿಸಿದ ಗೋದಲಿ. ಕುರುಬರಿಗೆ ದೇವದೂತನು ಹೇಳಿದ ಗುರುತೂ ಇದೇ.

ಮೊದಲು ಬಟ್ಟೆಯನ್ನು ನೋಡೋಣ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಗುವಿಗೆ ಮೊದಲು ಯಾವ ಬಟ್ಟೆ ಸುತ್ತುತ್ತಾರೆ? ಹಾರೋಬೆಲೆಯಿಂದ, ಕೊಳ್ಳೇಗಾಲದಿಂದ, ಹಾಸನದಿಂದ ಈ ಕಡೆಗೆ ಕೆಲಸಕ್ಕೆಂದು ಬಂದ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಹೊಸ ಬಟ್ಟೆ ಮಗುವಿನ ಮೈಗೆ ಒರಟು. ಒಗೆದು ಒಗೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆಯೇ ಬೇಕು. ಉತ್ತರ ಕರ್ನಾಟಕದಿಂದ ಬಂದವರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿಯ ಬಿಸುಪನ್ನು ಬಲ್ಲರು. ಹಳೆಯದೆಂದರೆ ಕೀಳು ಎಂದು ನಮ್ಮ ಅಜ್ಜಿಯರು ಎಂದೂ ತಿಳಿದಿರಲಿಲ್ಲ. ಮನೆಗೆ ಬಂದ ಅತ್ಯಂತ ಅಮೂಲ್ಯ ಜೀವವನ್ನು ಅವರು ಹಳೆಯದರಲ್ಲೇ ಸುತ್ತಿ ಎತ್ತಿಕೊಂಡರು.

ಇನ್ನು ಗೋದಲಿ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಮಾತೆ ಮರಿಯಮ್ಮನವರು ಆ ತೊಟ್ಟಿಯನ್ನು ತೊಟ್ಟಿಲು ಮಾಡಿದರು. ನಮ್ಮ ಕನ್ನಡದಲ್ಲಿ ಈ ಎರಡು ಮಾತುಗಳು ಎಷ್ಟು ಹತ್ತಿರ ಇವೆ ನೋಡಿ! ನಾವು ಬೇಡವಾದದ್ದನ್ನು ಹಾಕುವುದೂ ತೊಟ್ಟಿಗೇ, ಕಸದ ತೊಟ್ಟಿಗೆ. ಮನುಷ್ಯರು ತೊಟ್ಟಿಯನ್ನು ಕಂಡ ಕಡೆ ದೇವರು ತೊಟ್ಟಿಲನ್ನು ಕಂಡರು. ಇದೇ ಕ್ರಿಸ್ತಜಯಂತಿ.

ಸಂತ ಮತ್ತಾಯರು ಬರೆದ ಪ್ರಭುವಿನ ವಂಶಾವಳಿಯನ್ನು ಬಿಡುವಾದಾಗ ಓದಿ ನೋಡಿ. ತಾಮಾರ, ರಹಾಬ, ರೂತ, ಊರೀಯನ ಹೆಂಡತಿ - ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದ ಹೆಸರುಗಳು ಅಲ್ಲಿ ಎದ್ದು ಕಾಣುತ್ತವೆ. ಜೆಸ್ಸೆಯ ವಂಶವೆಂಬ ಮರ ಕಡಿದು ಬಿದ್ದಿತ್ತು, ಮೋಟು ಮಾತ್ರ ಉಳಿದಿತ್ತು. ಆ ಮೋಟಿನಿಂದಲೇ ಚಿಗುರೊಂದು ಒಡೆಯುವುದೆಂದು ಯೆಶಾಯ ಪ್ರವಾದಿ ಸಾರಿದರು. ಐದು ಸಾವಿರ ಮಂದಿಗೆ ಉಣಬಡಿಸಿದ ಮೇಲೆ ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದೇನು? ಮಿಕ್ಕ ತುಂಡುಗಳನ್ನು ಒಟ್ಟುಗೂಡಿಸಿ, ಯಾವುದೂ ಹಾಳಾಗಬಾರದು ಎಂದು. ರೊಟ್ಟಿಯ ತುಂಡನ್ನೇ ಕಳೆದುಕೊಳ್ಳಲು ಒಪ್ಪದ ಪ್ರಭು ಮನುಷ್ಯನನ್ನು ಕಳೆದುಕೊಳ್ಳಲು ಒಪ್ಪುವರೇ?

ಮರವನ್ನು ಸಿಂಗರಿಸುವ ಪದ್ಧತಿಯೂ ಹೀಗೆ ಮನೆಯ ಸಾಮಾನಿನಿಂದಲೇ ಬೆಳೆದು ಬಂದದ್ದು. ಜರ್ಮನ್ ನಾಡುಗಳಲ್ಲಿ ಡಿಸೆಂಬರ್ 24 ಆದಾಮ ಮತ್ತು ಏವಳ ದಿನವಾಗಿತ್ತು. ಏದೆನ್ ತೋಟದ ನಾಟಕಕ್ಕಾಗಿ ಹಸಿರು ಮರವೊಂದಕ್ಕೆ ಸೇಬುಗಳನ್ನು ಕಟ್ಟುತ್ತಿದ್ದರು. 1605ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದ ಮನೆಗಳಲ್ಲಿ ಕಂಡ ಮರಗಳ ಬಗ್ಗೆ ಒಬ್ಬರು ಬರೆದಿಟ್ಟಿದ್ದಾರೆ: ಅವುಗಳ ಮೇಲೆ ಇದ್ದದ್ದು ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುವಾದ ರೊಟ್ಟಿಯ ಬಿಲ್ಲೆ, ಸಕ್ಕರೆ ಮಿಠಾಯಿ. ಗಾಜಿನ ಗುಂಡುಗಳು ಬಂದದ್ದು ಬಹಳ ತಡವಾಗಿ, 19ನೇ ಶತಮಾನದಲ್ಲಿ, ಲೌಷಾ ಎಂಬ ಜರ್ಮನ್ ಊರಿನ ಗಾಜು ಊದುವ ಕುಟುಂಬಗಳಿಂದ. ರೋಮಿನ ಸಂತ ಪೇತ್ರರ ಚೌಕದಲ್ಲಿ ಮರ ನಿಲ್ಲಿಸುವ ಪದ್ಧತಿಯನ್ನು ಸಂತ ಎರಡನೇ ಜಾನ್ ಪೌಲರು ಆರಂಭಿಸಿದ್ದು 1982ರಲ್ಲಿ.

ನಮ್ಮ ಕಡೆಗೂ ಒಂದು ಹಳೆಯ ನಂಟಿದೆ. ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್, 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿಕೊಂಡ ಊರು. ಅಲ್ಲಿಯ ಹಿರಿಯರೊಬ್ಬರು ನಮಗೆ ತಮ್ಮ ಮನೆಯ ಬಿಸ್ಕತ್ತಿನ ತಗಡಿನ ಡಬ್ಬ ತೋರಿಸಿದ್ದರು. ಒಳಗೆ ಅವರ ಅಜ್ಜಿ ಹತ್ತಿಯಲ್ಲಿ ಸುತ್ತಿಟ್ಟ ಅಲಂಕಾರಗಳಿದ್ದವು. ಪ್ರತಿ ವರ್ಷ ಅವನ್ನೇ ತೆಗೆದು ಕಟ್ಟುತ್ತಾರೆ. ಒಂದೊಂದನ್ನು ಕಟ್ಟುವಾಗಲೂ ತೀರಿಹೋದ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಅಂಗಡಿಯ ಯಾವ ಹೊಸ ಗುಂಡಿಗೆ ಇಂತಹ ಬೆಲೆ ಬಂದೀತು?

ಈಗ ನಮ್ಮ ಮರದ ಬಳಿಗೆ ಬನ್ನಿ. ಈ ಕೊಂಬೆ ಸರ್ವೆ ಮರದ್ದು. ನೆಲಮಂಗಲದ ಕಡೆಯ ರೈತರೊಬ್ಬರ ತೋಪಿನಿಂದ ತಂದೆವು. ಇದೇ ಸರ್ವೆಯ ಕಂಬಗಳನ್ನು ಕಟ್ಟಿ, ಅದರ ಮೇಲೆ ನಿಂತು, ದೂರದ ಊರುಗಳಿಂದ ಬಂದ ಗಾರೆ ಕೆಲಸದವರು ಈ ನಗರದ ಗೋಡೆಗಳನ್ನು ಎತ್ತಿದ್ದಾರೆ. ನಮಗೆ ಹಬ್ಬದ ಮರವಾದದ್ದು ಅವರಿಗೆ ಅನ್ನದ ಮರ. ಬಡಗಿ ಜೋಸೆಫರಿಗೆ ಇದು ಒಪ್ಪುವ ಮರವೇ ಸರಿ.

ಮರದ ಮೇಲೆ ಕಣ್ಣಿಗೆ ಬಿದ್ದ ಬಣ್ಣಗಳನ್ನೆಲ್ಲ ತುಂಬಿಲ್ಲ. ಹಾಗೆ ಮಾಡಿದ್ದರೆ ಅದು ಚಿಂದಿಯ ಗಂಟಿನಂತೆ ಕಾಣುತ್ತಿತ್ತು. ಧರ್ಮಸಭೆ ಪೂಜಾವಸ್ತ್ರಗಳಿಗೆ ಬಳಸುವ ಬಣ್ಣಗಳನ್ನೇ ಆರಿಸಿಕೊಂಡೆವು. ಆಗಮನ ಕಾಲದ ಶನಿವಾರಗಳಂದು ಯುವಕ ಯುವತಿಯರು ಪೆಟ್ಟಿಗೆಯಲ್ಲಿ ಬಂದದ್ದನ್ನು ಬಣ್ಣಬಣ್ಣವಾಗಿ ವಿಂಗಡಿಸಿದರು.

ನೇರಳೆ ಆಗಮನ ಕಾಲದ ಬಣ್ಣ, ಪಶ್ಚಾತ್ತಾಪದ ಮತ್ತು ಕಾಯುವಿಕೆಯ ಬಣ್ಣ. ಕೊಂಬೆಗಳ ಒಳಭಾಗದಲ್ಲಿ ಮಿನುಗುವ ನೇರಳೆ-ನೀಲಿ ಸುರುಳಿಗಳನ್ನು ಗಮನಿಸಿ. ಅವು ಲೇತ್ ಯಂತ್ರದಲ್ಲಿ ಉಕ್ಕನ್ನು ತರಿಯುವಾಗ ಬೀಳುವ ಸುರುಳಿಗಳು. ಅವಕ್ಕೆ ಯಾರೂ ಬಣ್ಣ ಬಳಿದಿಲ್ಲ. ತರಿಯುವಾಗ ಹುಟ್ಟುವ ಬಿಸಿಯಲ್ಲೇ ಉಕ್ಕಿಗೆ ಈ ಬಣ್ಣ ಬರುತ್ತದೆ. ಕಷ್ಟದ ಬೆಂಕಿ ಹಾಯ್ದ ಮೇಲೆ ಬಂದ ಬಣ್ಣ ಅದು.

ಚಿನ್ನದ ಬಣ್ಣ ಈ ರಾತ್ರಿಯದು, ಕತ್ತಲಲ್ಲಿ ನಡೆಯುತ್ತಿದ್ದ ಜನ ಕಂಡ ಬೆಳಕಿನದು. ಅದು ಹಿತ್ತಾಳೆಯ ಸುರುಳಿಗಳಿಂದ, ಹರಿದ ಸೀರೆಗಳ ಜರಿಯಂಚಿನಿಂದ, ಮದುವೆ ಕರೆಯೋಲೆಗಳ ಹೊಳೆಯುವ ಕಾಗದದಿಂದ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಗೆ ಕಂಪನಿ ಬಸ್ಸಿನಲ್ಲಿ ಓಡಾಡುವ ನಮ್ಮ ಮಕ್ಕಳು ಹಳೆಯ ಸಿ.ಡಿ.ಗಳನ್ನು ತಂದುಕೊಟ್ಟರು. ಕೆಳಗಿನ ಕೊಂಬೆಯಲ್ಲಿ ದೀಪದ ಬೆಳಕು ಏಳು ಬಣ್ಣವಾಗಿ ಒಡೆಯುತ್ತಿರುವುದು ಅವುಗಳಲ್ಲೇ.

ಕೆಂಪು ರಕ್ತಸಾಕ್ಷಿಗಳ ಬಣ್ಣ. ನಾಳಿದ್ದು 26ರಂದು ಸಂತ ಸ್ತೇಫನರ ಹಬ್ಬ, 28ರಂದು ಹೆರೋದನ ಕತ್ತಿಗೆ ಬಲಿಯಾದ ಹಸುಗೂಸುಗಳ ಸ್ಮರಣೆ. ಕ್ರಿಸ್ಮಸ್ ಸಂತೋಷದ ಪಕ್ಕದಲ್ಲೇ ಧರ್ಮಸಭೆ ಕೆಂಪು ವಸ್ತ್ರ ಉಡುತ್ತದೆ. ನಮ್ಮ ಮರದ ಕೆಂಪು, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಸಹೋದರಿಯರು ತಂದ ಬಟ್ಟೆಯ ಚೂರುಗಳದು. ಬಣ್ಣ ಸುಲಿದ ಹಳೆಯ ಗುಂಡುಗಳಿಗೆ ಅದನ್ನು ಸುತ್ತಿ, ಅದೇ ಬಟ್ಟೆಯ ದಾರದಿಂದ ಬಿಗಿದಿದ್ದಾರೆ. ಹಳೆಯ ಕೆಂಪು ಗಾಜಿನ ಬಳೆಗಳನ್ನು ಮೂರು ಮೂರಾಗಿ ಕಟ್ಟಿ ಇಳಿಬಿಟ್ಟಿದ್ದಾರೆ. ಗಾಳಿ ಬೀಸಿದಾಗ ಅವುಗಳ ಸದ್ದು ಕೇಳಿಸುತ್ತದೆ.

ಮರದ ಮೈಯೇ ಹಸಿರು. ಹಸಿರು ಸಾಧಾರಣ ಕಾಲದ ಬಣ್ಣ, ನಮ್ಮ ದಿನನಿತ್ಯದ ಬದುಕಿನ ಬಣ್ಣ. ಹಬ್ಬ ಮುಗಿದ ಮೇಲೆ ನಾವು ಹಿಂದಿರುಗುವುದು ಅದಕ್ಕೇ.

ಪ್ರಿಯರೇ, ಈ ಲೋಹದ ಸುರುಳಿಗಳನ್ನು ತಂದವರ ವಿಷಯ ಸ್ವಲ್ಪ ಹೇಳುತ್ತೇವೆ. ಹೆಸರು ಹೇಳಬಾರದೆಂದು ಅವರು ಕೇಳಿಕೊಂಡಿದ್ದಾರೆ, ಉಳಿದದ್ದನ್ನು ಹೇಳಲು ಒಪ್ಪಿದ್ದಾರೆ. ಇಪ್ಪತ್ತೆರಡು ವರ್ಷ ಒಂದೇ ಕಡೆ ಲೇತ್ ಕೆಲಸ ಮಾಡಿದವರು. ಆರ್ಡರ್ ಕಡಿಮೆಯಾಯಿತೆಂದು, ವಯಸ್ಸಾಯಿತೆಂದು ಅವರನ್ನು ಮನೆಗೆ ಕಳಿಸಿದರು. ಆ ತಿಂಗಳಿಂದ ಅವರು ಪೂಜೆಗೆ ಬರುವುದನ್ನೂ ನಿಲ್ಲಿಸಿದರು. "ಕಾಣಿಕೆ ತಟ್ಟೆ ಮುಂದೆ ಬಂದಾಗ ಕೈ ಎಲ್ಲಿ ಇಟ್ಟುಕೊಳ್ಳಲಿ, ಸ್ವಾಮಿ?" ಎಂದರು. ನಮ್ಮ ಯುವಕರು ಮರದ ಕೆಲಸಕ್ಕೆ ಏನಾದರೂ ಸಿಗಬಹುದೇ ಎಂದು ಅವರನ್ನು ಕೇಳಲು ಹೋದರು. ಅವರು ಗೆಳೆಯರೊಬ್ಬರ ಶೆಡ್ಡಿನಿಂದ ಈ ಸುರುಳಿಗಳನ್ನು ಆರಿಸಿ ತಂದರು. ಎಣ್ಣೆ ಜಿಡ್ಡು ಹೋಗುವಂತೆ ಸೋಪಿನ ಪುಡಿಯಲ್ಲಿ ತೊಳೆದರು. ಮಕ್ಕಳ ಕೈ ಕುಯ್ಯಬಾರದೆಂದು ಒಂದೊಂದರ ಅಂಚನ್ನೂ ಅರದಿಂದ ಉಜ್ಜಿದರು, ಮಕ್ಕಳಿಗೆ ಎಟುಕದಷ್ಟು ಎತ್ತರದಲ್ಲಿ ತಾವೇ ಕಟ್ಟಿದರು. ಆಗ ಅವರೆಂದರು: "ಇಷ್ಟು ವರ್ಷ ಇದನ್ನು ದಿನಾ ಸಂಜೆ ಗುಡಿಸಿ ಗುಜರಿಗೆ ತುಂಬಿಸಿದೆ. ಇಷ್ಟು ಚೆನ್ನಾಗಿದೆ ಅಂತ ಒಂದು ದಿನವೂ ನೋಡಲಿಲ್ಲ."

ಈ ರಾತ್ರಿ ಅವರು ನಮ್ಮ ನಡುವೆ ಕುಳಿತಿದ್ದಾರೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಮರ ಸಿಂಗರಿಸಿದ ಮಾತ್ರಕ್ಕೆ ಯಾರ ಮನೆಯ ಒಲೆಯೂ ಉರಿಯುವುದಿಲ್ಲ ಎಂಬುದನ್ನು ನಾವು ಮರೆಯಬಾರದು. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದರು. ವಸ್ತುಗಳನ್ನು ಕಸವಾಗಿಸುವ ಚಟ ಕೊನೆಗೆ ಮನುಷ್ಯರನ್ನೂ ಕಸವಾಗಿಸುತ್ತದೆ ಎಂಬುದು ಅವರ ಕಳಕಳಿಯಾಗಿತ್ತು. ಐವತ್ತು ದಾಟಿದ ಕೆಲಸಗಾರ, ಗುತ್ತಿಗೆ ಮುಗಿದ ಹುಡುಗಿ, ಲ್ಯಾಪ್‌ಟಾಪ್ ಹಿಂದಿರುಗಿಸಿ ಸಂಜೆಯೇ ಹೊರಡು ಎಂದು ಹೇಳಿಸಿಕೊಂಡ ತರುಣ - ಇವರೆಲ್ಲರೂ ನಮ್ಮ ಧರ್ಮಕೇಂದ್ರದ ಪುಸ್ತಕದಲ್ಲೇ ಇದ್ದಾರೆ.

ನಮ್ಮಲ್ಲಿ ಶೆಡ್ಡಿನ ಮಾಲೀಕರಿದ್ದೀರಿ, ಸೂಪರ್‌ವೈಸರುಗಳಿದ್ದೀರಿ, ಕಂಪನಿಗಳಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜವಾಬ್ದಾರಿ ಇರುವವರಿದ್ದೀರಿ. ಪೂಜೆ ಮುಗಿದ ಮೇಲೆ ಕೇಕಿನ ತುಂಡು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಿ. ಯಾರಿಗೆ ಕೆಲಸ ಬೇಕು, ಎಲ್ಲಿ ಕೆಲಸ ಇದೆ ಎಂಬ ಪಟ್ಟಿಯನ್ನು ವಿನ್ಸೆಂಟ್ ದೇ ಪೌಲ್ ಸಭೆಯವರು ಬರೆದುಕೊಳ್ಳುತ್ತಾರೆ. ಅಲ್ಲಿ ಹೆಸರು ಬರೆಸಲು ಯಾರೂ ನಾಚಬೇಡಿ. ಮೇವಿನ ತೊಟ್ಟಿಯಲ್ಲಿ ಮಲಗಿದ ದೇವರ ಮುಂದೆ ನಾಚಿಕೆ ಏಕೆ?

ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡೋಣ.

ಒಂದು: ನಿಮ್ಮ ಮನೆಯ ಮರದ ಮೇಲೆ, ಸಣ್ಣ ಕೊಂಬೆಯಾದರೂ ಸರಿ, ಒಂದು ಹಳೆಯ ವಸ್ತುವನ್ನು ಕಟ್ಟಿ. ಅಜ್ಜನ ಕನ್ನಡಕವಾಗಲಿ, ತಾಯಿಯ ಸೀರೆಯ ಅಂಚಾಗಲಿ. ಅದನ್ನು ಬಳಸಿದವರ ಕಥೆಯನ್ನು ಮಕ್ಕಳಿಗೆ ಹೇಳಿ, ಅವರಿಗಾಗಿ ಒಂದು ಪರಲೋಕ ಮಂತ್ರ ಜಪಿಸಿ. ಹಬ್ಬ ಮುಗಿದ ಮೇಲೆ ಬಿಸಾಡದೆ ಡಬ್ಬದಲ್ಲಿ ಎತ್ತಿಡಿ.

ಎರಡು: ಮರದ ಕೆಳಗೆ ಬಡವರಿಗೊಂದು ಉಡುಗೊರೆ ಇಡಿ. ಜನಸಾಮಾನ್ಯರ ಭಕ್ತಿಯ ಕುರಿತು ರೋಮಿನ ದೈವಾರಾಧನಾ ಆಯೋಗ 2001ರಲ್ಲಿ ಹೊರಡಿಸಿದ ಮಾರ್ಗದರ್ಶಿ ಕ್ರಿಸ್ಮಸ್ ಮರದ ಬಗ್ಗೆಯೂ ಹೇಳುತ್ತದೆ. ಈ ಮರ ಏದೆನ್ ತೋಟದ ಮರವನ್ನೂ ಶಿಲುಬೆಯ ಮರವನ್ನೂ ನೆನಪಿಸುತ್ತದೆ. ಅದರ ಕೆಳಗಿನ ಉಡುಗೊರೆಗಳಲ್ಲಿ ಬಡವರ ಪಾಲೂ ಇರಬೇಕು, ಏಕೆಂದರೆ ಅವರು ಪ್ರತಿಯೊಂದು ಕ್ರೈಸ್ತ ಕುಟುಂಬದವರೇ ಎಂಬುದು ಅದರ ತಾತ್ಪರ್ಯ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮರಕ್ಕೆ ಹಳೆಯದು ನಡೆಯುತ್ತದೆ, ಬಡವರ ಮೈಗೆ ಹೊಸದೇ ಬೇಕು. ನಮಗೆ ಬೇಡವಾದ ಬಟ್ಟೆಯನ್ನು ಅವರ ಕೈಗೆ ದಾಟಿಸಿ ದಾನವೆಂದು ಬೀಗಬಾರದು. ಅಲಂಕಾರದಲ್ಲಿ ಉಳಿದ ಹಣದಿಂದ ಹೊಸ ಸೀರೆ, ಹೊಸ ಚಪ್ಪಲಿ, ಒಳ್ಳೆಯ ಅಕ್ಕಿ ತನ್ನಿ. ಈ ಮರದ ಕೆಳಗೆ ನೀವು ಕಾಣುವ ಪೊಟ್ಟಣಗಳು ಹಾಗೆ ಬಂದವೇ. ನಾಳೆ ಅವು ತಲುಪಬೇಕಾದ ಮನೆಗಳನ್ನು ತಲುಪುತ್ತವೆ.

ಮೂರು: ನಿಮ್ಮ ಕುಟುಂಬದಲ್ಲಿ ಯಾರನ್ನಾದರೂ ಹಳೆಯ ಸಾಮಾನಿನಂತೆ ಅಟ್ಟಕ್ಕೆ ಹಾಕಿದ್ದೀರಾ ಎಂದು ನೋಡಿಕೊಳ್ಳಿ. ಊರಿನಲ್ಲಿ ಒಂಟಿಯಾಗಿರುವ ತಾಯಿ ಇರಬಹುದು. ಆಸ್ತಿಯ ಜಗಳದಿಂದ ಮಾತು ಬಿಟ್ಟ ತಮ್ಮನಿರಬಹುದು. ಬೇರೆ ಜಾತಿಯವರನ್ನು ಮದುವೆಯಾದಳೆಂದು ಹೆಸರೆತ್ತದ ಮಗಳಿರಬಹುದು. ಈ ರಾತ್ರಿಯೇ ಫೋನು ಮಾಡಿ. ನಿಮ್ಮ ಮನೆಯ ಮರದಲ್ಲಿ ಅವರಿಗೊಂದು ಕೊಂಬೆ ಕೊಡಿ.

1223ರಲ್ಲಿ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಮೇವಿನ ತೊಟ್ಟಿ, ಒಣಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಕ್ರಿಸ್ತಜಯಂತಿಯನ್ನು ಆಚರಿಸಿದರು. ಅವರೂ ಹೊಸದನ್ನು ಕೊಳ್ಳಲಿಲ್ಲ, ಆ ಊರಿನಲ್ಲಿ ಇದ್ದದ್ದನ್ನೇ ಬಳಸಿದರು. ಇಂದು ಪೀಣ್ಯದ ನಾವೂ ನಮ್ಮಲ್ಲಿ ಇದ್ದದ್ದನ್ನೇ ಪ್ರಭುವಿನ ಮುಂದೆ ತಂದಿದ್ದೇವೆ.

ಮುಗಿಸುವ ಮುನ್ನ, ಮರದ ತುದಿಯನ್ನು ಒಮ್ಮೆ ನೋಡಿ. ಅಲ್ಲಿರುವ ನಕ್ಷತ್ರ ಕಾಗದದ್ದು, ಅಂಚಿಗೆ ಒಡೆದ ಬಳೆಯ ಚೂರುಗಳನ್ನು ಅಂಟಿಸಿದೆ. ಎರಡು ವರ್ಷಗಳ ಹಿಂದೆ ಮುಚ್ಚಿದ ಬಾಗಿಲಿನ ಹಿಂದೆ ಉಳಿದಿದ್ದ ನಕ್ಷತ್ರ ಅದೇ. ಆ ಮಗು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಈ ವರ್ಷ ಅವಳ ತಾಯಿಯೇ ತಂದು ನಮ್ಮ ಕೈಗಿತ್ತರು.

ಮೇವಿನ ತೊಟ್ಟಿಯನ್ನು ಸಿಂಹಾಸನ ಮಾಡಿಕೊಂಡ ಬಾಲಯೇಸು ನಮ್ಮ ಮನೆಗಳಲ್ಲಿ ಮುರಿದದ್ದನ್ನು ಜೋಡಿಸಲಿ, ಎಸೆದದ್ದನ್ನು ಎತ್ತಿಕೊಳ್ಳಲಿ. ಕೆಲಸ ಕಳೆದುಕೊಂಡವರಿಗೆ ಕೆಲಸವನ್ನು, ಮನ ಮುರಿದವರಿಗೆ ಸಮಾಧಾನವನ್ನು ಅನುಗ್ರಹಿಸಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮಗಾಗಿ ಪ್ರಾರ್ಥಿಸಲಿ.

ನಿಮಗೂ ನಿಮ್ಮ ಮನೆಯವರೆಲ್ಲರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು. ಆಮೆನ್.